ಪಾಪನಿವೇದನೆ ಮತ್ತು ತೋಟದ ತಕ್ಕಡಿ

ಕರಾವಳಿಯ ನಮಗೆ ಹೆಗ್ಗದ್ದೆ ಎಂಬ ಹೆಸರು ಕಿವಿಗೆ ಬೀಳುವುದು ಹೆಚ್ಚಾಗಿ ಶಿರಾಡಿ ಘಾಟಿಯ ಸುದ್ದಿಯೊಂದಿಗೆ. 2015ರಲ್ಲಿ ಹೆಗ್ಗದ್ದೆಯಿಂದ ಕೆಂಪುಹೊಳೆಯವರೆಗಿನ ರಸ್ತೆಯನ್ನು ಕಾಂಕ್ರೀಟ್ ಹಾಕಲೆಂದು ತಿಂಗಳುಗಟ್ಟಲೆ ಮುಚ್ಚಿದಾಗ ಈ ಹೆಸರು ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು. ಮಳೆಗಾಲದಲ್ಲಿ ದೋಣಿಗಲ್ ಬಳಿ ಗುಡ್ಡ ಜರಿದಾಗಲೂ ಅಷ್ಟೇ. ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಅದು ಕಿಟಕಿಯಾಚೆ ಹಾದುಹೋಗುವ ಒಂದು ಊರು. ರಸ್ತೆ ಬಿಟ್ಟು ಒಳಗೆ ಹೋದರೆ ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಳಲ್ಲಿ ಕಾಫಿ, ಮೆಣಸು, ಏಲಕ್ಕಿ ತೋಟಗಳು. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳ ನೆಂಟರು ತಲೆಮಾರುಗಳ ಹಿಂದೆಯೇ ಘಟ್ಟ ಹತ್ತಿ ಅಲ್ಲಿ ನೆಲೆಸಿದ್ದಾರೆ. ಕೆಲವರು ತೋಟದ ಮಾಲೀಕರು, ಕೆಲವರು ರೈಟರುಗಳು, ಮೇಸ್ತ್ರಿಗಳು, ಇನ್ನು ಅನೇಕರು ಲೈನ್ ಮನೆಗಳಲ್ಲಿ ವಾಸಿಸುವ ಕೂಲಿಯವರು. ಹಾಸನ ಜಿಲ್ಲೆ 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದೆ.

ಪಾಪನಿವೇದನೆಯ ಸಂಸ್ಕಾರದ ಬಗ್ಗೆ ಬರೆಯಬೇಕೆಂದು ಓದುಗರು ಕೇಳುತ್ತಲೇ ಇದ್ದಾರೆ. ಅದನ್ನು ಈ ತೋಟಗಳ ನಡುವೆ ನಿಂತು ವಿವರಿಸುವುದು ಸುಲಭವೆಂದು ನನಗನಿಸಿತು. ಪಟ್ಟಣದಲ್ಲಿ ನಮ್ಮ ಪಾಪಗಳು ಕಾಗದಪತ್ರಗಳಲ್ಲಿ, ಬ್ಯಾಂಕ್ ಖಾತೆಗಳಲ್ಲಿ ಅಡಗಿಕೊಳ್ಳುತ್ತವೆ. ತೋಟದಲ್ಲಿ ಅವು ತಕ್ಕಡಿಯ ಮೇಲೆ ಕಾಣುತ್ತವೆ. ಮೊದಲೇ ಒಂದು ಮಾತು: ಇಲ್ಲಿ ಕೊಡುವ ಉದಾಹರಣೆಗಳು ಯಾವುವೂ ಪಾಪನಿವೇದನೆಯ ಪೀಠದಿಂದ ಬಂದವಲ್ಲ, ಬರುವಂತೆಯೂ ಇಲ್ಲ. ತೋಟದ ಕೆಲಸ ಬಲ್ಲ ಯಾರು ಬೇಕಾದರೂ ಊಹಿಸಬಹುದಾದ ಸಂಗತಿಗಳು ಇವು.

ಅರೇಬಿಕಾ ಕಾಫಿಯ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಕೊಯ್ಲಿನ ಕಾಲದಲ್ಲಿ ಅನೇಕ ಕಡೆ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಸಂಜೆ ಹಣ್ಣಿನ ಚೀಲಗಳು ಸಾಲಾಗಿ ಬರುತ್ತವೆ, ರೈಟರು ತೂಕ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಒಂದು ತೋಟದಲ್ಲಿ ನಲವತ್ತು ಜನ ಕೊಯ್ಯುತ್ತಾರೆ, ಕಿಲೋಗೆ ಐದು ರೂಪಾಯಿ ಎಂದಿಟ್ಟುಕೊಳ್ಳಿ. 'ಚೀಲದ ತೂಕ, ಎಲೆ, ಕಡ್ಡಿ' ಎಂದು ಹೇಳಿ ಪ್ರತಿಯೊಬ್ಬರ ಲೆಕ್ಕದಲ್ಲಿ ದಿನಕ್ಕೆ ನ್ಯಾಯಕ್ಕಿಂತ ಎರಡು ಕಿಲೋ ಹೆಚ್ಚು ಕಳೆಯಲಾಗುತ್ತದೆ. ಯಾರೂ ಜಗಳಕ್ಕೆ ಬರುವುದಿಲ್ಲ, ಎರಡು ಕಿಲೋ ಅಷ್ಟೇ ತಾನೆ. ಅರವತ್ತು ದಿನಗಳ ಕೊಯ್ಲಿನಲ್ಲಿ ಅದು 4,800 ಕಿಲೋ ಆಗುತ್ತದೆ. ಹಣದಲ್ಲಿ 24,000 ರೂಪಾಯಿ. ಒಬ್ಬೊಬ್ಬರಿಗೆ 600 ರೂಪಾಯಿ ನಷ್ಟ, ಅಂದರೆ ಒಂದು ದಿನದ ಕೂಲಿಗಿಂತ ಹೆಚ್ಚು.

ಈಗ ತಪಸ್ಸುಕಾಲದಲ್ಲಿ ಈ ರೈಟರು ಪಾಪನಿವೇದನೆಗೆ ಬರುತ್ತಾರೆ. ಮೊಣಕಾಲೂರಿ 'ಸಿಟ್ಟು ಮಾಡಿದ್ದೇನೆ, ಎರಡು ಭಾನುವಾರ ಪೂಜೆ ತಪ್ಪಿಸಿದ್ದೇನೆ, ಸಣ್ಣಪುಟ್ಟ ಸುಳ್ಳು ಹೇಳಿದ್ದೇನೆ' ಎನ್ನುತ್ತಾರೆ. ತಕ್ಕಡಿಯ ಮಾತೇ ಬರುವುದಿಲ್ಲ. ಬೇಕೆಂದೇ ಮುಚ್ಚಿಟ್ಟರು ಎನ್ನುವಂತಿಲ್ಲ. ಅದು ಪಾಪವೆಂದು ಅವರಿಗೆ ಅನಿಸಿಯೇ ಇಲ್ಲ, ಏಕೆಂದರೆ ಅದು 'ತೋಟದ ಪದ್ಧತಿ'. ನಮ್ಮ ಆತ್ಮಶೋಧನೆಯ ದೊಡ್ಡ ಕೊರತೆ ಇದೇ. ಪ್ರಾರ್ಥನಾ ಪುಸ್ತಕದಲ್ಲಿ ಮುದ್ರಿಸಿದ ಪಟ್ಟಿಯನ್ನು ಓದುತ್ತೇವೆ, ನಾವು ಹೊಟ್ಟೆಪಾಡಿಗೆ ಮಾಡುವ ಕೆಲಸವನ್ನು ಓದುವುದಿಲ್ಲ. ಸ್ನಾನಿಕ ಯೊವಾನ್ನರ ಬಳಿಗೆ ಬಂದ ಸುಂಕದವರು 'ನಾವೇನು ಮಾಡಬೇಕು' ಎಂದು ಕೇಳಿದಾಗ ಆ ಪ್ರವಾದಿ ಜಪತಪದ ಮಾತೆತ್ತಲಿಲ್ಲ. ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದರು. ಸೈನಿಕರಿಗೆ ಸಿಕ್ಕ ಉತ್ತರವೂ ಅವರ ಕೆಲಸಕ್ಕೆ ಸಂಬಂಧಿಸಿದ್ದೇ. ಲೂಕನ ಶುಭಸಂದೇಶದ ಮೂರನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿರಿ.

ಟ್ರೆಂಟ್ ಮಹಾಸಭೆ 1551ರಲ್ಲಿ ಈ ಸಂಸ್ಕಾರದಲ್ಲಿ ಪಶ್ಚಾತ್ತಾಪಿ ಮಾಡಬೇಕಾದ ಮೂರು ಕಾರ್ಯಗಳನ್ನು ಹೆಸರಿಸಿತು: ಮನಸಾರೆ ದುಃಖಪಡುವುದು, ಬಾಯಿಂದ ಹೇಳಿಕೊಳ್ಳುವುದು, ಪರಿಹಾರ ಸಲ್ಲಿಸುವುದು. ಗುರು ನೀಡುವ ಪಾಪವಿಮೋಚನೆ ಇವುಗಳ ಜೊತೆ ಸೇರಿದಾಗ ಸಂಸ್ಕಾರ ಪೂರ್ಣವಾಗುತ್ತದೆ. ಮೊದಲೆರಡನ್ನು ನಾವೆಲ್ಲ ಬಲ್ಲೆವು. ಮೂರನೆಯದನ್ನು ಮಾತ್ರ 'ಮೂರು ನಮೋ ಮರಿಯಾ' ಎಂಬಲ್ಲಿಗೆ ಇಳಿಸಿಬಿಟ್ಟಿದ್ದೇವೆ. ಜಪ ಬೇಡವೆಂದಲ್ಲ. ಆದರೆ ನೆರೆಯವನಿಗೆ ಹಾನಿ ಮಾಡಿದ ಪಾಪವಾದರೆ ಆ ಹಾನಿಯನ್ನು ಸಾಧ್ಯವಾದಷ್ಟು ಸರಿಪಡಿಸಬೇಕು, ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಮಾಡಬೇಕು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 1459ನೆಯ ಪರಿಚ್ಛೇದದಲ್ಲಿ ಸ್ಪಷ್ಟವಾಗಿ ಬೋಧಿಸುತ್ತದೆ. ಪಾಪ ಕ್ಷಮಿಸಲ್ಪಡುತ್ತದೆ, ಆದರೆ ಪಾಪ ಮಾಡಿದ ಗಾಯ ತಾನಾಗಿ ಮಾಯುವುದಿಲ್ಲ. ಹಳೆಯ ಒಡಂಬಡಿಕೆಯಲ್ಲಿಯೂ ಇದೇ ಕ್ರಮವಿತ್ತು. ಸಂಖ್ಯಾಕಾಂಡದ ಐದನೆಯ ಅಧ್ಯಾಯದ ಪ್ರಕಾರ ತಪ್ಪು ಮಾಡಿದವನು ಅದನ್ನು ಒಪ್ಪಿಕೊಳ್ಳಬೇಕು, ಪೂರ್ತಿ ಹಿಂದಿರುಗಿಸಬೇಕು, ಮೇಲೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕು. ಜಕ್ಕಾಯನು ನಾಲ್ಕರಷ್ಟು ಕೊಡುವೆನೆಂದದ್ದು ಉತ್ಸಾಹದ ಮಾತಷ್ಟೇ ಅಲ್ಲ. ಕುರಿ ಕದ್ದವನಿಗೆ ಮೋಶೆಯ ನಿಯಮ ವಿಧಿಸಿದ್ದ ಲೆಕ್ಕ ಅದು. ತಾನು ಕಳ್ಳನೆಂದು ಆತ ಊರ ಮುಂದೆ ಒಪ್ಪಿಕೊಂಡಂತಾಯಿತು.

ಹಾಗಾದರೆ ನಮ್ಮ ರೈಟರು ಏನು ಮಾಡಬೇಕು? ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು.

ಮೊದಲನೆಯದಾಗಿ, ಆ 24,000 ರೂಪಾಯಿ ಯಾರ ಕೈ ಸೇರಿತು? ರೈಟರು ಜೇಬಿಗೆ ಹಾಕಿಕೊಂಡಿದ್ದರೆ ಅವರೇ ಕೊಡಬೇಕು. ಅವರು ಬರೆದದ್ದು ಕಡಿಮೆ, ಮಾಲೀಕರು ಕೊಟ್ಟದ್ದೂ ಕಡಿಮೆ ಎಂದಾದರೆ ಲಾಭ ಮಾಲೀಕರದ್ದು, ಹಿಂದಿರುಗಿಸುವ ಮೊದಲ ಹೊಣೆಯೂ ಅವರದ್ದೇ. ಅವರು ಕೊಡದಿದ್ದರೆ, ತಿಳಿದೂ ತಿಳಿದು ಕೈಜೋಡಿಸಿದ ರೈಟರ ಮೇಲೂ ಹೊಣೆ ಬೀಳುತ್ತದೆ. 'ಮೇಲಿನವರು ಹೇಳಿದರು, ನಾನು ಬರೆದೆ' ಎಂಬುದು ಪಾಪವನ್ನು ಹಗುರ ಮಾಡಬಹುದು, ಇಲ್ಲವಾಗಿಸುವುದಿಲ್ಲ. ಎರಡನೆಯದಾಗಿ, ಹಣ ಹಿಂದಿರುಗಿಸಿದ ಮೇಲೆಯೇ ಪಾಪವಿಮೋಚನೆ ಎಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ಹಾಗಿಲ್ಲ. ಹಿಂದಿರುಗಿಸುವ ದೃಢ ಮನಸ್ಸಿದ್ದರೆ ವಿಮೋಚನೆ ಅಂದೇ ದೊರೆಯುತ್ತದೆ. ಒಟ್ಟಿಗೆ ಕೊಡಲಾಗದವರು ಕಂತಿನಲ್ಲಿ ಕೊಡಲಿ. ಏನೂ ಇಲ್ಲದವರ ಹೊಣೆ ಕೈಗೂಡುವ ಕಾಲದವರೆಗೆ ಮುಂದಕ್ಕೆ ಹೋಗುತ್ತದೆ. ಕೊಡಬಲ್ಲವನು ಕೊಡುವುದಿಲ್ಲವೆಂದು ಮನಸ್ಸಿನಲ್ಲೇ ತೀರ್ಮಾನಿಸಿ ಬಂದರೆ ಮಾತ್ರ ಪಶ್ಚಾತ್ತಾಪವೇ ಇಲ್ಲವೆಂದಾಗುತ್ತದೆ. ಪಶ್ಚಾತ್ತಾಪವಿಲ್ಲದ ಕಡೆ ಗುರುವಿನ ಮಾತು ಫಲ ಕೊಡದು.

ಮೂರನೆಯದು, ಹೆಸರು ಹೊರಬೀಳುವ ಭಯ. ಕದ್ದವನು ತಾನೇ ಕದ್ದೆನೆಂದು ಎದುರು ನಿಂತು ಹೇಳಬೇಕೆಂಬ ಕಡ್ಡಾಯವಿಲ್ಲ. ಹಣವನ್ನು ಗುಟ್ಟಾಗಿ ತಲುಪಿಸಬಹುದು, ಬೇಕಿದ್ದರೆ ಪಾಪನಿವೇದನೆ ಕೇಳಿದ ಗುರುವಿನ ಕೈಯಿಂದಲೂ. 'ಇದು ನಿಮಗೆ ಸೇರಬೇಕಾದ ಹಣ' ಎಂಬುದಕ್ಕಿಂತ ಹೆಚ್ಚಿನ ಒಂದು ಮಾತೂ ಆ ಗುರುವಿನ ಬಾಯಿಂದ ಬರಬಾರದು. ತೋಟದಲ್ಲಾದರೆ ಇನ್ನೂ ಸುಲಭ, ಮುಂದಿನ ವಾರಗಳ ಬಟವಾಡೆಯಲ್ಲಿ ಸೇರಿಸಿ ಕೊಟ್ಟರಾಯಿತು. ಕೊಯ್ದವರು ಊರು ಬಿಟ್ಟು ಹೋಗಿ, ಹುಡುಕಿದರೂ ಸಿಗದಿದ್ದರೆ ಆ ಹಣ ಬಡವರಿಗೆ ಸಲ್ಲಬೇಕೆಂಬುದು ನೀತಿಶಾಸ್ತ್ರದ ಹಳೆಯ ಬೋಧನೆ. ಮೊದಲು ಹುಡುಕಬೇಕು ಎಂಬುದನ್ನು ಮರೆಯಬಾರದು. ಚರ್ಚಿನ ಹುಂಡಿಗೆ ಹಾಕಿ ಕೈತೊಳೆದುಕೊಳ್ಳುವುದು ಹುಡುಕಿದಂತಾಗುವುದಿಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡೋಣ. 2025ರ ಆರಂಭದಲ್ಲಿ ಕಾಫಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಬೆಲೆ ಏರಿದಾಗ ಕಣದಲ್ಲಿ ಒಣಗಲು ಹರಡಿದ ಕಾಫಿಗೆ ರಾತ್ರಿ ಕಾವಲು ಬೇಕಾಗುತ್ತದೆ. ಕೂಲಿಯವನೊಬ್ಬ ಸೌದೆ ಹೊರೆಯೊಳಗೆ ನಾಲ್ಕು ಸೇರು ಕಾಫಿ ಅಡಗಿಸಿ ಒಯ್ದು, 'ನನಗೆ ಕೊಡಬೇಕಾದ ಕೂಲಿ ಕೊಟ್ಟಿಲ್ಲ, ನಾನೇ ತೆಗೆದುಕೊಂಡೆ' ಎಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಈ ವಾದ ಹೊಸದಲ್ಲ. ತಮ್ಮ ಶ್ರಮಕ್ಕೆ ಸಂಬಳ ಸಾಲದೆಂದು ತಾವೇ ತೀರ್ಮಾನಿಸಿದ ಆಳುಗಳು ಯಜಮಾನನಿಂದ ಗುಟ್ಟಾಗಿ ತೆಗೆದುಕೊಳ್ಳಬಹುದು ಎಂದು ಹದಿನೇಳನೆಯ ಶತಮಾನದ ಕೆಲವು ನೀತಿಶಾಸ್ತ್ರಜ್ಞರು ಬರೆದಿದ್ದರು. 1679ರಲ್ಲಿ ಪೋಪ್ ಹನ್ನೊಂದನೆಯ ಇನೊಸೆಂಟ್ ಆ ಅಭಿಪ್ರಾಯವನ್ನು ಖಂಡಿಸಿದರು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವುದು ಅದರ ದೋಷ. ಈ ಖಂಡನೆಯನ್ನು ಕೂಲಿಯವರಿಗೆ ಓದಿ ಹೇಳುವ ಮಾಲೀಕರು ಯಕೋಬನ ಪತ್ರದ ಐದನೆಯ ಅಧ್ಯಾಯವನ್ನೂ ಓದಿಕೊಳ್ಳಲಿ. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂಬ ಬೋಧನೆ ಇರುವುದು ಅಲ್ಲಿಯೇ.

ಹಣಕ್ಕಿಂತ ಕಷ್ಟದ್ದು ಹೆಸರು. ಮೇಸ್ತ್ರಿಯ ಮಾತು ನಂಬಿ ಒಬ್ಬ ಕೂಲಿ ಹೆಂಗಸನ್ನು ಕಳ್ಳಿ ಎಂದು ಕರೆದು ಲೈನ್ ಮನೆಯಿಂದ ಹೊರಹಾಕಿದರು, ಆಮೇಲೆ ಆಕೆ ಕದ್ದಿಲ್ಲವೆಂದು ಗೊತ್ತಾಯಿತು ಎಂದುಕೊಳ್ಳಿ. ಇಲ್ಲಿ ಗುಟ್ಟಾಗಿ ಹಣ ತಲುಪಿಸಿದರೆ ಮುಗಿಯುವುದಿಲ್ಲ. ಯಾರ ಮುಂದೆ ಆ ಮಾತು ಆಡಿದ್ದೆವೋ ಅವರ ಮುಂದೆಯೇ ಅದು ಸುಳ್ಳೆಂದು ಹೇಳಬೇಕು. ನಮ್ಮ ವಾರ್ಡುಗಳಲ್ಲಿ, ಸಂಘಗಳಲ್ಲಿ, ಪಾಲನಾ ಪರಿಷತ್ತಿನ ಸಭೆಗಳಲ್ಲಿ ಹಗುರವಾಗಿ ಹಾರಿಬಿಟ್ಟ ಮಾತುಗಳಿಗೂ ಇದೇ ನಿಯಮ. ಚರ್ಚಿನ ಹಣದ ವಿಷಯದಲ್ಲಂತೂ ಅನುಮಾನದ ಮಾತು ಹುಟ್ಟದಂತೆ ನೋಡಿಕೊಳ್ಳುವ ದಾರಿ ಧರ್ಮಸಭೆಯ ಕಾನೂನಿನಲ್ಲೇ ಇದೆ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಬೇಕೆಂದು 537ನೆಯ ನಿಯಮ ಹೇಳುತ್ತದೆ. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೆಯ ನಿಯಮ ಹೇಳುತ್ತದೆ. ಗುರುಗಳಾದ ನಮಗೂ ಆತ್ಮಶೋಧನೆಗೆ ಇಲ್ಲಿ ವಿಷಯವಿದೆ.

ಹಾಸನ ಜಿಲ್ಲೆಯ ಕ್ರೈಸ್ತರ ಚರಿತ್ರೆಯಲ್ಲಿಯೇ ಸತ್ಯ ಹೇಳುವುದರ ಬಗ್ಗೆ ಒಂದು ಪಾಠವಿದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ನಮ್ಮ ಕರಾವಳಿಯ ಕ್ರೈಸ್ತರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಗುರುಗಳನ್ನು ಗಡೀಪಾರು ಮಾಡಲಾಗಿತ್ತು. 1799ರ ಮೇ 4ರಂದು ಕೋಟೆ ಬೀಳುವವರೆಗೆ, ಹದಿನೈದು ವರ್ಷ, ಸೆರೆಯ ಜನ ಪಾಪನಿವೇದನೆಯೂ ಬಲಿಪೂಜೆಯೂ ಇಲ್ಲದೆ ಕಳೆದರು. ಬಲವಂತಕ್ಕೆ ಮತ ಬಿಟ್ಟವರೂ ಇದ್ದರು. ಚದುರಿದ ಮೈಸೂರು ಸೀಮೆಯ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟುವ ಕೆಲಸಕ್ಕೆ ಬಂದವರು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರು ಅಬ್ಬೆ ದುಬ್ವಾ. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ಅವರು ಬೇಸಾಯದ ನೆಲೆ ಕಟ್ಟಿದರು, ಸಿಡುಬಿನ ಲಸಿಕೆ ಹಾಕಿಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. (ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಹಳೆಯ ದೇವಾಲಯವನ್ನು ನೋಡಲು ಹೋಗುವವರು ಸಾತಳ್ಳಿಯ ಈ ಕಥೆಯನ್ನೂ ಕೇಳಿಕೊಂಡು ಬರಬೇಕು.)

1823ರಲ್ಲಿ ಭಾರತ ಬಿಟ್ಟುಹೋದ ದುಬ್ವಾ ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ತಮ್ಮ ಪತ್ರಗಳನ್ನು ಪ್ರಕಟಿಸಿದರು. ಅಷ್ಟೊಂದು ವರ್ಷಗಳ ಸೇವೆಯಲ್ಲಿ ತಾವೂ ಒಬ್ಬ ದೇಶೀಯ ಗುರುವೂ ಸೇರಿ ಕ್ರಿಸ್ತರ ಬಳಿಗೆ ತಂದದ್ದು ಇನ್ನೂರು ಮುನ್ನೂರು ಜನರನ್ನಷ್ಟೇ ಎಂದು ಅದರಲ್ಲಿ ಬರೆದರು. ಮಿಷನ್ ವರದಿಗಳಲ್ಲಿ ಅಂಕೆಗಳು ಉಬ್ಬುತ್ತಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಅವರ ತೀರ್ಮಾನಗಳನ್ನೆಲ್ಲ ನಾನು ಒಪ್ಪುವುದಿಲ್ಲ, ಆದರೆ ಲೆಕ್ಕ ನೆಟ್ಟಗಿತ್ತು. ಇದೇ ದುಬ್ವಾರಿಗೆ ಜಗತ್ತಿನಲ್ಲಿ ಕೀರ್ತಿ ತಂದದ್ದು ಹಿಂದೂಗಳ ಆಚಾರ ಪದ್ಧತಿಗಳನ್ನು ಕುರಿತ ಗ್ರಂಥ. ಅದರ ಬಹುಭಾಗ 1779ರಲ್ಲಿ ತೀರಿಕೊಂಡ ಯೇಸುಸಭೆಯ ಗುರು ಕೋರ್ದೂ ಅವರ ಹಸ್ತಪ್ರತಿಯಿಂದ ಬಂದದ್ದೆಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಒಂದು ಕಡೆ ಅಷ್ಟು ನಿಷ್ಠುರವಾಗಿ ಸತ್ಯ ನುಡಿದ ಮನುಷ್ಯ ಇನ್ನೊಂದು ಕಡೆ ಮತ್ತೊಬ್ಬರ ದುಡಿಮೆಯ ಮೇಲೆ ತಮ್ಮ ಹೆಸರು ಹಾಕಿಕೊಂಡರು. ಸಾತಳ್ಳಿಯ ಉಪಕಾರ ಇದರಿಂದ ಕಡಿಮೆಯಾಗುವುದಿಲ್ಲ.

ಪಾಪನಿವೇದನೆಯ ಈಗಿನ ರೂಪ ಒಂದೇ ದಿನದಲ್ಲಿ ಬಂದದ್ದಲ್ಲ. ಪ್ರಭು ಯೇಸು ಪುನರುತ್ಥಾನದ ಸಂಜೆ ಪ್ರೇಷಿತರಿಗೆ ಪಾಪ ಕ್ಷಮಿಸುವ ಅಧಿಕಾರವನ್ನು ಕೊಟ್ಟರು. ಮೊದಲ ಶತಮಾನಗಳಲ್ಲಿ ಘೋರ ಪಾಪಗಳಿಗೆ ಬಹಿರಂಗ ಪ್ರಾಯಶ್ಚಿತ್ತವಿತ್ತು. ಗುಟ್ಟಾಗಿ, ಮತ್ತೆ ಮತ್ತೆ ಮಾಡುವ ನಿವೇದನೆಯನ್ನು ಯೂರೋಪಿನಲ್ಲಿ ಹರಡಿದವರು ಐರ್ಲೆಂಡಿನ ಸನ್ಯಾಸಿಗಳು. ವರ್ಷಕ್ಕೊಮ್ಮೆಯಾದರೂ ಎಂಬ ನಿಯಮ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯದ್ದು. ಇಂದಿನ ಕಾನೂನಿನಲ್ಲಿ ಅದು ಘೋರ ಪಾಪಗಳಿಗೆ ಅನ್ವಯಿಸುತ್ತದೆ. ನಾವೀಗ ಬಳಸುವ ವಿಧಿ 1973ರದ್ದು. ವಿಮೋಚನೆ ನೀಡಲು ಗುರುದೀಕ್ಷೆಯ ಜೊತೆಗೆ ಅಧಿಕೃತ ಅನುಮತಿಯೂ ಬೇಕು. ಹದಿನೇಳನೆಯ ಶತಮಾನದ ಕೆನರಾದಲ್ಲಿ ಗೋವಾದ ಮಹಾಧರ್ಮಾಧ್ಯಕ್ಷರೂ ರೋಮಿನಿಂದ ನೇಮಕವಾದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರೂ ಅಧಿಕಾರಕ್ಕಾಗಿ ವಾದಿಸುತ್ತಿದ್ದಾಗ, ಯಾವ ಗುರುವಿನ ಬಳಿ ಮಾಡಿದ ನಿವೇದನೆ ಸಲ್ಲುತ್ತದೆ ಎಂದು ಜನ ಕಳವಳಪಟ್ಟದ್ದು ಇದೇ ಕಾರಣಕ್ಕೆ. 1681ರಲ್ಲಿ ಬಂದ ಸಂತ ಜೋಸೆಫ್ ವಾಜರು ಎರಡೂ ಕಡೆಯನ್ನು ಒಪ್ಪಂದಕ್ಕೆ ತರಲು ಶ್ರಮಿಸಿದರು.

ಗೌಪ್ಯತೆಯ ಬಗ್ಗೆ ಸ್ಪಷ್ಟವಾಗಿ ಹೇಳಲೇಬೇಕು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ನೇರವಾಗಿ ಮುರಿದವರಿಗೆ ತಾನಾಗಿ ಬಹಿಷ್ಕಾರ. 2021ರ ಪರಿಷ್ಕರಣೆಯ ನಂತರ ಅದು 1386ನೆಯ ನಿಯಮ. ನಮ್ಮ ದೇಶದ ಸಾಕ್ಷ್ಯ ಕಾನೂನು ವಕೀಲರಿಗೆ ಕೊಟ್ಟಂತಹ ರಕ್ಷಣೆಯನ್ನು ಗುರುಗಳಿಗೆ ಕೊಟ್ಟಿಲ್ಲ. ಆದ್ದರಿಂದ ಈ ಮೌನಕ್ಕೆ ಬೆಲೆ ತೆರಬೇಕಾಗಿ ಬಂದರೆ ಗುರು ತೆರಬೇಕು. 2018ರಲ್ಲಿ ಕೇರಳದ ಬೇರೊಂದು ಸಭೆಯ ಕೆಲವು ಪಾದ್ರಿಗಳು ನಿವೇದನೆಯಲ್ಲಿ ಕೇಳಿದ್ದನ್ನು ಹಿಡಿದು ಮಹಿಳೆಯೊಬ್ಬರನ್ನು ಶೋಷಿಸಿದರೆಂಬ ಆರೋಪ ಬಂದಾಗ, ರಾಷ್ಟ್ರೀಯ ಮಹಿಳಾ ಆಯೋಗವು ಪಾಪನಿವೇದನೆಯನ್ನೇ ರದ್ದುಪಡಿಸಬೇಕೆಂದು ಶಿಫಾರಸು ಮಾಡಿತು. ಧರ್ಮಾಧ್ಯಕ್ಷರು ವಿರೋಧಿಸಿದರು, ಸರಿಯಾಗಿಯೇ ವಿರೋಧಿಸಿದರು. ಆದರೆ ನಮ್ಮ ಮನಸ್ಸು ನೊಂದಿತು ಎಂದಷ್ಟೇ ಹೇಳಿ ಸುಮ್ಮನಾಗುವುದು ಸಾಲದು. ಪೀಠದಲ್ಲಿ ಕುಳಿತ ಗುರು ಅನುಚಿತ ಪ್ರಶ್ನೆ ಕೇಳಿದರೆ, ಪಾಪಕ್ಕೆ ಪ್ರೇರೇಪಿಸಿದರೆ, ಅದು ಧರ್ಮಸಭೆಯ ಕಾನೂನಿನಲ್ಲೂ ಘೋರ ಅಪರಾಧ. ಭಕ್ತರು ಎದ್ದು ಬರಬಹುದು, ಧರ್ಮಾಧ್ಯಕ್ಷರಿಗೆ ದೂರು ಕೊಡಬೇಕು. ಬಾಯಿಕಟ್ಟು ಗುರುವಿಗೆ, ಭಕ್ತರಿಗಲ್ಲ.

ಧರ್ಮಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಗೌಪ್ಯತೆಯ ಮುದ್ರೆ ಸಂಸ್ಕಾರಕ್ಕೆ ಮಾತ್ರ. ಕಚೇರಿಯಲ್ಲಿ, ಮನೆ ಭೇಟಿಯಲ್ಲಿ, ಧರ್ಮೋಪದೇಶದ ತರಗತಿಯಲ್ಲಿ ಒಂದು ಮಗು ತನಗಾದ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರೆ ಅದು ಪಾಪನಿವೇದನೆಯಲ್ಲ. 2012ರ ಪೋಕ್ಸೊ ಕಾಯಿದೆಯ 19ನೆಯ ವಿಧಿಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಇನ್ನು ನಿವೇದನೆಯಲ್ಲಿಯೇ ನೊಂದವರು ಇಂಥದ್ದನ್ನು ಹೇಳಿದಾಗ, ಅವರ ಹಕ್ಕುಗಳನ್ನೂ ದೂರು ಕೊಡುವ ದಾರಿಯನ್ನೂ ಗುರು ಅವರಿಗೆ ತಿಳಿಸಬೇಕೆಂದು 2019ರಲ್ಲಿ ರೋಮಿನ ಕ್ಷಮಾ ನ್ಯಾಯಪೀಠ ಹೊರಡಿಸಿದ ಟಿಪ್ಪಣಿ ಹೇಳುತ್ತದೆ.

ಘಟ್ಟದ ತೋಟಗಳಲ್ಲಿ ಭಾಷೆಯೂ ಒಂದು ತೊಡಕು. ಕೊಂಕಣಿ, ಕನ್ನಡ, ತಮಿಳು, ಮಲಯಾಳಂ ಮೊದಲಿನಿಂದ ಇದ್ದವು. ಈಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರ ಭಾಷೆಗಳೂ ಸೇರಿವೆ. ಗುರುವಿಗೆ ಭಾಷೆ ಬರುವುದಿಲ್ಲವೆಂದು ವರ್ಷಗಟ್ಟಲೆ ಪಾಪನಿವೇದನೆ ಮಾಡದೆ ಉಳಿದವರು 990ನೆಯ ನಿಯಮವನ್ನು ತಿಳಿದಿರಲಿ. ಇಷ್ಟಪಟ್ಟರೆ ದುಭಾಷಿಯ ಮೂಲಕ ನಿವೇದಿಸಬಹುದು, ದುಭಾಷಿಯೂ ಗುಟ್ಟು ಕಾಯಲು ಬದ್ಧ. ತಮ್ಮ ಭಾಷೆ ಬಲ್ಲ ಬೇರೆ ಗುರುವಿನ ಬಳಿ, ಬೇರೆ ಕಥೋಲಿಕ ಪಂಗಡದ ಗುರುವಾದರೂ ಸರಿ, ಹೋಗುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ಸ್ವಂತ ಊರಿನ ಗುರುವಿಗೆ ಹೇಳಲು ಸಂಕೋಚಪಡುವವರಿಗೂ ಇದೇ ದಾರಿ. ಮೊಬೈಲಿನಲ್ಲಿ ಮಾತ್ರ ಸಾಧ್ಯವಿಲ್ಲ. ತೋಟದ ಮೂಲೆಯಲ್ಲಿ ಸಿಗ್ನಲ್ ಸಿಕ್ಕರೂ ಸಂಸ್ಕಾರ ಅದರಲ್ಲಿ ಬರುವುದಿಲ್ಲ.

ಕೊಯ್ಲು ಮುಗಿಯುವ ಹೊತ್ತಿಗೆ ತಪಸ್ಸುಕಾಲ ಬಂದಿರುತ್ತದೆ. ಪಾಸ್ಕ ಹಬ್ಬದ ಪಾಪನಿವೇದನೆಗೆ ಗುರುಗಳು ಪವಿತ್ರ ವಾರದಲ್ಲಿ ಕೂರುತ್ತಾರೆ. ಹೊರಗಿನಿಂದ ಬಂದ ಕೊಯ್ಲಿನವರು ಎಷ್ಟೋ ಕಡೆ ಅದಕ್ಕೆ ಮೊದಲೇ ಲೆಕ್ಕ ಚುಕ್ತಾ ಮಾಡಿಕೊಂಡು ಊರಿಗೆ ಹೊರಟಿರುತ್ತಾರೆ. ತೂಕದ ಪುಸ್ತಕ ಇಟ್ಟುಕೊಂಡಿರುವವರು, ಬಟವಾಡೆ ಮಾಡುವವರು ತಮ್ಮ ಆತ್ಮಶೋಧನೆಯನ್ನು ಪವಿತ್ರ ವಾರಕ್ಕೆ ಇಟ್ಟುಕೊಳ್ಳದೆ ಬೂದಿ ಬುಧವಾರಕ್ಕೇ ಮಾಡಿಕೊಂಡರೆ ಒಳ್ಳೆಯದು. ಆ ನಲವತ್ತು ಜನ ಸಕಲೇಶಪುರದಲ್ಲಿ ಬಸ್ಸೋ ರೈಲೋ ಹತ್ತುವ ಮೊದಲು ಅವರ ಆರುನೂರು ರೂಪಾಯಿ ಕೈಗೆ ಕೊಡಲು ಆಗ ಇನ್ನೂ ಸಮಯವಿರುತ್ತದೆ.